ಮೂರನೆಯ ಜಾಗದಲ್ಲಿ ನೆರೆ ಇಲ್ಲ

ಥೀಮ್ ಪಾರ್ಕಿನ ಆಡಳಿತ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ, ಜೈಂಟ್ ವೀಲಿನ ನೆರಳು ದಿನವೂ ಸಂಜೆ ಮೇಜನ್ನು ಸವರಿ ಹೋಗುವ ಕೋಣೆಯೊಳಗೆ, ಇಪ್ಪತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು ಬರೆದವರು ಅಚ್ಚುಕಟ್ಟು ಸಾರ್. ಅಡ್ಡಹೆಸರನ್ನು ಇಟ್ಟವರು ಯಾರೆಂಬುದು ಮರೆತುಹೋಗಿತ್ತು. ಇಟ್ಟದ್ದು ಪ್ರೀತಿಯಿಂದಲೋ ಗೇಲಿಯಿಂದಲೋ ಎಂಬುದನ್ನು ಅವರು ಎಂದೂ ವಿಚಾರಿಸಲಿಲ್ಲ. ಇತರರು ಗೀಚಿ ತಂದದ್ದನ್ನು ಓದತಕ್ಕ ವರದಿಯನ್ನಾಗಿ ಮಾಡುವುದು ಅವರ ಕೆಲಸ. ಒಡೆದ ಮಾತು ಅವರ ಕೈಗೆ ಬಂದರೆ ಕೂಡಿಕೊಳ್ಳುತ್ತಿತ್ತು, ಕುಳ್ಳ ವಾಕ್ಯ ಎತ್ತರವಾಗುತ್ತಿತ್ತು. ‘ದಾರಿ ಕೆಟ್ಟದ್ದು’ ಎಂದು ಬಂದದ್ದು ‘ಸಂಚಾರಕ್ಕೆ ಕಿಂಚಿತ್ ಅನನುಕೂಲತೆಯುಂಟು’ ಎಂದಾಗಿ ಹೊರಡುತ್ತಿತ್ತು. ಬರವಣಿಗೆಗೆ ಮೊದಲು ಕೈ ತೊಳೆದು, ಒಂದು ಕ್ಷಣ ಕಣ್ಣು ಮುಚ್ಚಿ, ಬಳಿಕ ಲೇಖನಿ ಎತ್ತುವುದು ಅವರ ರೂಢಿ. ಅಕ್ಷರದ ಎದುರು ಹಾಗೆ ತಲೆಬಾಗುವವರನ್ನು ದೇವರು ಕೈಬಿಡುವುದಿಲ್ಲವೆಂದು ನಾವು ನಂಬಬಹುದು. ಆದರೆ ಕೈಬಿಡದೆ ಎಲ್ಲಿಗೆ ಕರೆದೊಯ್ಯುತ್ತಾನೆಂಬುದು ಬೇರೆ ಮಾತು.

ಅವರಿದ್ದ ವಿಭಾಗಕ್ಕೆ ಟೈಮ್‌ಶೇರ್ ವಿಭಾಗವೆಂದು ಹೆಸರು. ಪಾರ್ಕಿಗೆ ಬಂದು ಮನಸೋತ ಕುಟುಂಬಗಳು, ಪ್ರತಿ ವರ್ಷವೂ ಒಂದು ವಾರ ಪಾರ್ಕಿನವರ ರೆಸಾರ್ಟಿನಲ್ಲಿ ಉಳಿಯುವ ಹಕ್ಕನ್ನು ಮುಂಚಿತವಾಗಿಯೇ ಕೊಂಡಿಟ್ಟುಕೊಳ್ಳುವ ವ್ಯವಸ್ಥೆಯದು. ಇದ್ದದ್ದು ಎರಡೇ ರೆಸಾರ್ಟು. ಸದಸ್ಯರೋ ಹದಿನೆಂಟು ಸಾವಿರ. ಆದುದರಿಂದ ಬರುವ ಪತ್ರಗಳಲ್ಲೆಲ್ಲ ಒಂದೇ ಪ್ರಶ್ನೆ: ಮುಂದಿನ ರೆಸಾರ್ಟು ಎಲ್ಲಿ? ಸಮುದ್ರದ ದಂಡೆಯಲ್ಲಿ ಕಟ್ಟಿ ಎಂದು ಕೆಲವರು, ಬೆಟ್ಟದ ಮೇಲೆ ಎಂದು ಕೆಲವರು. ಒಬ್ಬ ಅಜ್ಜಿಯಂತೂ ತನ್ನ ಮಗಳ ಮನೆಯ ಹಿಂಭಾಗದಲ್ಲಿ ಖಾಲಿ ಜಾಗವಿರುವುದನ್ನು ನಕ್ಷೆಸಮೇತ ಬರೆದು ಕಳುಹಿಸಿದ್ದಳು.

ವಿಭಾಗದ ಗೋಡೆಯ ಮೇಲಿನ ದೊಡ್ಡ ನಕ್ಷೆಯಲ್ಲಿ ನಾಲ್ಕು ಗುಂಡುಸೂಜಿಗಳು ಚುಚ್ಚಿಕೊಂಡಿದ್ದವು. ಮೊದಲನೆಯದು ಪಾರ್ಕಿನ ಹಿಂಬಾಗಿಲಿನ ಆಚೆಗಿನ ಮೈದಾನ. ಎರಡನೆಯದು ಸಮುದ್ರತೀರ. ಮೂರನೆಯದು ನದಿಯೊಂದು ಮೊಣಕೈಯಂತೆ ಬಾಗುವೆಡೆಯ ಹಸಿರು ಬಯಲು. ನಾಲ್ಕನೆಯದು ಬೆಟ್ಟದ ಇಳಿಜಾರು. ಈ ನಾಲ್ಕನ್ನೂ ಕಾಲಿನಿಂದ ಅಳೆದು ಬಂದವರು ಹೆಜ್ಜೆಯಣ್ಣ. ಟೇಪು ಹಿಡಿಯುವುದಕ್ಕೆ ಮೊದಲು ನೆಲವನ್ನು ಹೆಜ್ಜೆಯಿಂದ ನಡೆದು ನೋಡುವ ಹಳೆಯ ಸ್ಥಳವೀಕ್ಷಕ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಅದೇ ವರ್ಷ ನಿವೃತ್ತರಾಗುವ ಮುನ್ನ ಅವರು ತಮ್ಮ ನೋಟುಬುಕ್ಕನ್ನು ಅಚ್ಚುಕಟ್ಟು ಸಾರ್ ಮೇಜಿನ ಮೇಲೆ ಇಟ್ಟು, “ಇನ್ನು ಇದು ನಿನ್ನ ಪಾಲಿಗೆ ಕಣಯ್ಯ. ಸ್ವಲ್ಪ ಬಟ್ಟೆ ಹಾಕಿ ಕಳಿಸು” ಎಂದು ಹೋಗಿದ್ದರು.

ಅಚ್ಚುಕಟ್ಟು ಸಾರ್ ಬಟ್ಟೆ ಹಾಕಿದರು. ಆ ವರದಿಯನ್ನು ಓದಿ ಯೋಜನೆಯ ಮುಖ್ಯಸ್ಥೆ ಮೂರನೆಯ ಜಾಗವನ್ನೇ ಮೆಚ್ಚಿದರು. ನದಿಯ ಕಡೆಗೆ ಬಾಗಿಲು ತೆರೆಯುವ, ನೆಲಮಟ್ಟದ ಮೂವತ್ತು ಕೋಣೆಗಳು. ಮಕ್ಕಳು ಹಾಸಿಗೆಯಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಹುಲ್ಲು, ಹುಲ್ಲಿನಾಚೆ ನೀರು. ಶುಕ್ರವಾರ ಸಮಿತಿ ಕೂಡಿ ಒಪ್ಪಿಗೆ ಕೊಡುವುದೊಂದೇ ಬಾಕಿ.

ಸೋಮವಾರ ಬೆಳಿಗ್ಗೆ, ಪಕ್ಕದ ಕೋಣೆಯಲ್ಲಿ ದಪ್ಪ ಕಾಗದ ಮತ್ತು ಅಂಟಿನಿಂದ ಮಾದರಿ ಕಟ್ಟುವ ಹೆಂಗಸು ಬಾಗಿಲಲ್ಲಿ ನಿಂತಳು. ಅವಳ ಬೆರಳುಗಳಿಗೆ ಹಸಿರು ಪುಡಿ ಮೆತ್ತಿತ್ತು.

“ಸಾರ್, ಮೂರನೇ ಜಾಗದ ಮಾದರಿ ಮಾಡ್ತಿದ್ದೀನಿ. ಸುತ್ತಮುತ್ತ ಎಷ್ಟು ಮನೆ ಹಾಕ್ಲಿ?”

“ವರದಿಯಲ್ಲಿ ಇರಬೇಕಲ್ಲಮ್ಮ.”

“ಅದನ್ನ ಓದಿ ಓದಿ ನಿದ್ದೆ ಬಂತು, ಮನೆ ಸಿಗ್ಲಿಲ್ಲ. ಬೇರೆ ಮೂರು ಜಾಗಕ್ಕೂ ಅಕ್ಕಪಕ್ಕದವರ ವಿಷಯ ಇದೆ. ಇದಕ್ಕೆ ಮಾತ್ರ ಇಲ್ಲ.”

“ಇಲ್ಲದೆ ಹೇಗಿರುತ್ತೆ?” ಎಂದು ಅವರು ನಕ್ಕು ಕಪಾಟಿನಿಂದ ಹೆಜ್ಜೆಯಣ್ಣನ ನೋಟುಬುಕ್ಕನ್ನೇ ತೆಗೆದರು. ಮೂಲ ಪುಟದಲ್ಲಿ ಇದ್ದದ್ದು ಹೀಗೆ: ‘ಜಾಗ ಮೂರು. ಉದ್ದ ಆರುನೂರು ಹೆಜ್ಜೆ. ಮಣ್ಣು ಮೆತ್ತಗೆ. ನೆರಳು ಚೆನ್ನಾಗಿದೆ. ನೆರೆ ಇಲ್ಲ.’

ಅಷ್ಟೇ. ಅದರ ಕೆಳಗೆ ಒಂದು ಹಕ್ಕಿಯ ಚಿತ್ರ.

ಅಚ್ಚುಕಟ್ಟು ಸಾರ್ ತಮ್ಮ ವರದಿಯನ್ನು ಅದರ ಪಕ್ಕಕ್ಕಿಟ್ಟುಕೊಂಡರು. ಆ ಕೊನೆಯ ಎರಡು ಪದಗಳ ಜಾಗದಲ್ಲಿ ಅವರು ಬರೆದಿದ್ದರು: ‘ಈ ಸ್ಥಳದಲ್ಲಿ ಪ್ರವಾಹದ ಭೀತಿಯು ಲವಲೇಶವೂ ಇಲ್ಲ.’

ಅವರು ಆ ಎರಡು ಪದಗಳನ್ನು ಮತ್ತೊಮ್ಮೆ ಓದಿದರು. ಉಕ್ಕಿ ಬರುವ ನೀರಿಗೂ ನೆರೆಯೆಂದೇ ಹೆಸರು. ಪಕ್ಕದಲ್ಲಿ ಬದುಕುವ ಜನಕ್ಕೂ ನೆರೆಯೆಂದೇ ಹೆಸರು. ಜನ ಕೂಡಿದರೂ ನೆರೆಯುತ್ತಾರೆ, ಕೂದಲು ಬೆಳ್ಳಗಾದರೂ ನೆರೆಯುತ್ತದೆ. ಪೂರ್ವದ ಕವಿಗಳಿಗೋ ನೆರೆಯೆಂದರೆ ‘ಸಂಪೂರ್ಣವಾಗಿ’. ಇಷ್ಟು ಮಂದಿ ವಾಸಮಾಡುವ ಮನೆಯೊಂದಕ್ಕೆ ಬಾಗಿಲು ತಟ್ಟದೆ ನುಗ್ಗಿ, ತಮಗೆ ತೋಚಿದವನನ್ನು ಕೈಹಿಡಿದು ಹೊರಗೆ ತಂದುಬಿಟ್ಟಿದ್ದರು ಅವರು.

ಬೇರೆ ಪುಟಗಳನ್ನು ತಿರುವಿದರು. ಎರಡನೆಯ ಜಾಗ: ‘ನೆರೆ ಪ್ರತಿ ವರ್ಷ, ಮೊಣಕಾಲ ತನಕ.’ ಇದು ನೀರು; ಸಂಶಯವಿಲ್ಲ. ನಾಲ್ಕನೆಯ ಜಾಗ: ‘ನೆರೆ ಒಳ್ಳೆಯದು, ಕರೆದು ಕೂರಿಸಿದರು.’ ಇದು ಜನ. ನೀರು ಯಾರನ್ನೂ ಕರೆದು ಕೂರಿಸುವುದಿಲ್ಲ. ಮೊದಲನೆಯ ಜಾಗದಲ್ಲಿ ಆ ಪದವೇ ಇಲ್ಲ. ‘ಪಕ್ಕದವರು ಜಗಳಗಂಟರು’ ಎಂದಿದೆ. ಒಂದೇ ಕೈ, ಒಂದೇ ಪುಸ್ತಕ, ಒಂದೇ ಪೆನ್ಸಿಲು. ಪದಕ್ಕೆ ಮಾತ್ರ ಎರಡು ಮುಖ.

“ಏನ್ಸಾರ್, ಮುಖ ಸಪ್ಪಗಾಯ್ತು? ಎಷ್ಟು ಮನೆ ಹಾಕ್ಲಿ?”

“ಸದ್ಯಕ್ಕೆ ಒಂದೂ ಬೇಡಮ್ಮ. ಇಲ್ಲ, ತಾಳು. ಎರಡು ಹಾಕು. ಬೇಡ ಬೇಡ, ಹಾಕಬೇಡ.”

“ಕಾಗದದ ಮನೆ ಸಾರ್, ಹೆದರ್ಬೇಡಿ” ಎಂದು ಅವಳು ಹೊರಟುಹೋದಳು.

ಅವರನ್ನು ಹೆಚ್ಚಾಗಿ ಬಾಧಿಸಿದ್ದು ‘ಲವಲೇಶವೂ’ ಎಂಬ ಪದ. ಅದು ಹೆಜ್ಜೆಯಣ್ಣನ ಪುಸ್ತಕದಲ್ಲಿ ಯಾವ ಅರ್ಥದಲ್ಲಿಯೂ ಇರಲಿಲ್ಲ. ವಾಕ್ಯವು ಓದುವಾಗ ನಡುವೆ ಬರಿದಾಗಿ ಕೇಳಿಸುತ್ತದೆಂದು, ಕಿವಿಯ ಸುಖಕ್ಕಾಗಿ ಅವರೇ ಸೇರಿಸಿದ್ದು. ಮುಖ್ಯಸ್ಥೆ ತಮ್ಮ ಟಿಪ್ಪಣಿಯಲ್ಲಿ ಎತ್ತಿ ಬರೆದುಕೊಂಡದ್ದು ಅದನ್ನೇ. ನೆಲಮಟ್ಟದ ಕೋಣೆಗಳು ಹುಟ್ಟಿದ್ದು ಅದರಿಂದಲೇ.

ಸಂಜೆ ಮನೆಗೆ ಬಂದಾಗ ಹೆಂಡತಿ ಹೊಲಿಗೆಯಂತ್ರದ ಮುಂದಿದ್ದಳು. ಯಾರದೋ ಮಗುವಿನ ಅಂಗಿಗೆ ತೋಳು ಜೋಡಿಸುತ್ತಿದ್ದಳು. ಅವರು ಎಲ್ಲವನ್ನೂ ಹೇಳಿದರು. ಅವಳು ಯಂತ್ರ ನಿಲ್ಲಿಸದೆಯೇ ಕೇಳಿದಳು.

“ಅಂದ್ರೆ, ಆ ಅಣ್ಣ ಏನ್ ಹೇಳಿದ್ರೋ ಗೊತ್ತಿಲ್ಲ, ನೀವು ಮಾತ್ರ ಚೆನ್ನಾಗಿ ಹೇಳಿದ್ರಿ. ಹಾಗಾ?”

“ಹಾಗೇ ಅನ್ನು.”

“ನಾನು ಅಳತೆ ತಗೊಳ್ದೆ ಅಂಗಿ ಹೊಲಿದ್ರೆ, ಎಷ್ಟು ಚೆಂದ ಗುಂಡಿ ಹಾಕಿದ್ರೂ ಮಗು ಕೈ ಎತ್ತೋಕಾಗಲ್ಲ.”

“ಈಗ ನಾನೇನು ಮಾಡಲಿ ಅದನ್ನ ಹೇಳೆ.”

“ನಂಗೇನ್ ಗೊತ್ತು? ನಿಮ್ಮ ಆಫೀಸಲ್ಲಿ ಕೇಳೋದು ಅಂದ್ರೆ ಅವಮಾನವಾ? ಹೋಗಿ ಆ ಅಣ್ಣನ್ನೇ ಕೇಳಿ.”

ಇಷ್ಟು ಸರಳವಾದುದು ತಮಗೆ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಇಪ್ಪತ್ತಾರು ವರ್ಷಗಳಲ್ಲಿ ಅವರು ಯಾರೊಬ್ಬರನ್ನೂ ‘ಇದರ ಅರ್ಥವೇನು’ ಎಂದು ಕೇಳಿರಲಿಲ್ಲ. ಅರ್ಥ ತಿಳಿಯುವವರೆಂಬ ಹೆಸರೇ ಅವರ ಹುದ್ದೆಯಾಗಿತ್ತು.

ಮರುದಿನ ಹೆಜ್ಜೆಯಣ್ಣ ತಮ್ಮ ಮನೆಯ ಮುಂಗೋಣೆಯಲ್ಲಿ, ಮಂಡಿಗೆ ಪಟ್ಟಿ ಕಟ್ಟಿ, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕುಳಿತಿದ್ದರು. ನೋಟುಬುಕ್ಕನ್ನು ಕಂಡೊಡನೆ ಹಳೆಯ ಗೆಳೆಯನನ್ನು ಕಂಡಂತೆ ಅರಳಿದರು. ಕನ್ನಡಕ ಏರಿಸಿ ಪುಟವನ್ನು ಓದಿ, ಹಕ್ಕಿಯ ಚಿತ್ರಕ್ಕೆ ಬಂದು ನಿಂತರು.

“ಈ ಹಕ್ಕಿ ಚೆನ್ನಾಗಿ ನೆನಪಿದೆ ನೋಡು. ಬಾಲ ಹೀಗೆ ಅಲ್ಲಾಡಿಸ್ತಿತ್ತು.”

“ಹಕ್ಕಿ ಬಿಡಿ ಅಣ್ಣ. ‘ನೆರೆ ಇಲ್ಲ’ ಅಂತ ಬರೆದಿದ್ದೀರಿ. ನೀರು ಬರಲ್ಲ ಅಂತಲೋ, ಅಕ್ಕಪಕ್ಕ ಜನ ಇಲ್ಲ ಅಂತಲೋ?”

ಹೆಜ್ಜೆಯಣ್ಣ ಮತ್ತೆ ಪುಟವನ್ನು ನೋಡಿದರು.

“ನಾನು ಬರೆದಿದ್ದು ಅಂದ್ರೆ ಸರಿಯಾಗೇ ಬರೆದಿರ್ತೀನಿ.”

“ಸರಿಯೇ. ಆದರೆ ಯಾವುದು ಸರಿ?”

“ಎರಡೂ ಇಲ್ದೆ ಇರಬಹುದಲ್ಲ?”

“ಇರಬಹುದು. ಇದೆಯಾ?”

“ಅಲ್ಲಯ್ಯ, ಓದೋವಾಗ ನಿಂಗೇ ಅನುಮಾನ ಬರ್ಲಿಲ್ವಾ? ಬಂದಿದ್ರೆ ಆಗಲೇ ಕೇಳಿದ್ರೆ ಹೇಳ್ತಿದ್ದೆ. ಆಗ ನೆನಪಿತ್ತು. ಈಗ ಮಂಡಿ ಕೊಯ್ದಾಗ ಎಲ್ಲ ಅಲ್ಲೇ ಬಿಟ್ಟುಬಂದೆ.”

“ಅನುಮಾನ ಬರಲಿಲ್ಲ ಅಣ್ಣ. ನಕ್ಷೆಯಲ್ಲಿ ನದಿ ನೋಡಿದ್ದೆ, ನೆರೆ ಅಂದ್ರೆ ನೀರೇ ಅಂದುಕೊಂಡೆ.”

“ಅಂದ್ಕೊಂಡೆ!” ಎಂದು ಹೆಜ್ಜೆಯಣ್ಣ ಕಾಲನ್ನು ಸ್ಟೂಲಿನಿಂದ ಇಳಿಸಿದರು. “ಏಳು. ಹೋಗಿ ನೋಡೋಣ. ಆ ನೆಲದ ಮೇಲೆ ನಿಂತ್ರೆ ನೆನಪಾಗುತ್ತೆ. ನನ್ನ ನೆನಪೆಲ್ಲ ಕಾಲಲ್ಲಿದೆ.”

ಬುಧವಾರ ಇಬ್ಬರೂ ಬಸ್ಸು ಹತ್ತಿದರು. ಮೂರು ಗಂಟೆಯ ಪ್ರಯಾಣ; ಕೊನೆಯ ನಿಲುಗಡೆಯಿಂದ ಅರ್ಧ ಗಂಟೆಯ ನಡಿಗೆ, ಅದೂ ಹೆಜ್ಜೆಯಣ್ಣನ ಕುಂಟುನಡಿಗೆ. ಅಚ್ಚುಕಟ್ಟು ಸಾರ್ ತಾವು ಬರೆದ ನೂರಾರು ಸ್ಥಳಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಂಡವರಲ್ಲ. ‘ಮೃದುಮೃತ್ತಿಕೆಯಿಂದ ಕೂಡಿದ ಭೂಭಾಗ’ ಎಂದು ಬರೆದವರ ಬೂಟು ಮೊದಲ ಹತ್ತು ಹೆಜ್ಜೆಗಳಲ್ಲಿಯೇ ಆ ಮೃತ್ತಿಕೆಯೊಳಗೆ ಹೂತುಹೋಗಿ, ಕಾಲೊಂದೇ ಮೇಲೆ ಬಂದಿತು.

“ನಾನು ಬರೆದಿದ್ದೆ, ಮೆತ್ತಗೆ ಅಂತ” ಎಂದರು ಹೆಜ್ಜೆಯಣ್ಣ, ಮುಖದಲ್ಲಿ ನಗುವಿಲ್ಲದೆ.

ನದಿ ಅಗಲವಾಗಿ, ಬೂದುಬಣ್ಣವಾಗಿ, ಯಾವ ಮಾತಿಗೂ ಸಿಗದಂತೆ ಹರಿಯುತ್ತಿತ್ತು. ಬಯಲಿನ ಅಂಚಿನಲ್ಲಿ ಒಂದು ಪಂಪ್‌ಹೌಸು. ಅದಕ್ಕೆ ಒತ್ತಿಕೊಂಡಂತೆ ಬಾಗಿಲು ಕಿತ್ತ ಐದಾರು ಖಾಲಿ ಮನೆಗಳು. ಹೆಜ್ಜೆಯಣ್ಣ ನೆಲದ ನಡುವೆ ನಿಂತು ಕಣ್ಣು ಮುಚ್ಚಿ, ಒಂದು ಕಾಲನ್ನೂ ಇನ್ನೊಂದನ್ನೂ ಊರಿ ನೋಡಿದರು.

“ನೆನಪಾಯ್ತಾ ಅಣ್ಣ?”

“ಹಕ್ಕಿ ಇಲ್ಲೇ ಕೂತಿತ್ತು.”

ಪಂಪ್‌ಹೌಸಿನೊಳಗಿನಿಂದ ಆಪರೇಟರು ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಹೊರಬಂದ. ನಡುವಯಸ್ಸಿನ ಗಟ್ಟಿಮುಟ್ಟಾದ ಆಳು. ತಿಂಗಳಿಗೊಮ್ಮೆಯೂ ಮನುಷ್ಯರ ಮುಖ ಕಾಣದವನ ಉತ್ಸಾಹ ಅವನ ಕಣ್ಣಿನಲ್ಲಿತ್ತು. ಅಚ್ಚುಕಟ್ಟು ಸಾರ್ ಮುಂದೆ ಹೋಗಿ, ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡು ಬಂದಿದ್ದ ಪೀಠಿಕೆಯನ್ನೆಲ್ಲ ಮರೆತು ನೇರವಾಗಿ ಕೇಳಿಬಿಟ್ಟರು.

“ಇಲ್ಲಿ ನೆರೆ ಇದೆಯಾ?”

“ಯಾವ ನೆರೆ ಸಾರ್? ಜನಾನಾ, ನೀರಾ?”

ಐದನೆಯ ಇಯತ್ತೆಯನ್ನೂ ಕಂಡಿರದಂತಿದ್ದ ಈತನ ಬಾಯಿಂದ ಬಂದ ಪ್ರಶ್ನೆ, ಕಚೇರಿಯ ಕೋಣೆಯಲ್ಲಿ ಕುಳಿತ ಅಚ್ಚುಕಟ್ಟು ಸಾರ್ ಬಾಯಿಂದ ಮೊದಲೇ ಬರಬೇಕಾಗಿತ್ತು.

“ಎರಡೂ ಹೇಳಪ್ಪ” ಎಂದರು.

“ಜನ ಇಲ್ಲ. ಇದ್ರು, ಹೋದ್ರು.”

“ಯಾಕೆ ಹೋದರು?”

“ನೀರಿನ ದೆಸೆಯಿಂದ.”

ಇಬ್ಬರು ಹಿರಿಯರೂ ಒಬ್ಬರನ್ನೊಬ್ಬರು ನೋಡಿಕೊಂಡರು. “ನೀರು ಬಂತು ಅಂತ ಹೋದರಾ?” ಎಂದು ಅಚ್ಚುಕಟ್ಟು ಸಾರ್ ಕೇಳಿದರು.

“ಬರ್ಲಿಲ್ಲ ಅಂತ. ನಲ್ಲೀಲಿ. ನಾನು ಪಂಪ್ ಮಾಡೋ ನೀರೆಲ್ಲ ಪಟ್ಟಣಕ್ಕೆ ಹೋಗುತ್ತೆ. ನದಿ ಪಕ್ಕ ಕೂತು ಕೊಡ ಹಿಡ್ಕೊಂಡು ಎಷ್ಟು ದಿನ ಅಂತ ಕಾಯ್ತಾರೆ?”

“ಸರಿ. ನದಿ ಉಕ್ಕಿ ಮೇಲೆ ಬಂದದ್ದುಂಟಾ?”

“ನಾನು ಬಂದ್ಮೇಲೆ ಇಲ್ಲ.”

“ನೀನು ಬಂದು ಎಷ್ಟು ವರ್ಷ?”

“ನಾಲ್ಕು.”

“ಅದಕ್ಕೆ ಮುಂಚೆ?”

“ಅದಕ್ಕೆ ಮುಂಚೆ ನಾನಿರ್ಲಿಲ್ವಲ್ಲ ಸಾರ್.”

ತರ್ಕದಲ್ಲಿ ಲೋಪವಿರಲಿಲ್ಲ. ಅಷ್ಟರಲ್ಲಿ ಅಚ್ಚುಕಟ್ಟು ಸಾರ್ ಕಣ್ಣು ಪಂಪ್‌ಹೌಸಿನ ಗೋಡೆಯ ಮೇಲೆ ಬಿತ್ತು. ನೆಲದಿಂದ ಎದೆಮಟ್ಟದವರೆಗೆ ಗೋಡೆ ಒಂದು ಬಣ್ಣ, ಅದರ ಮೇಲಕ್ಕೆ ಇನ್ನೊಂದು ಬಣ್ಣ; ನಡುವೆ ನೆಟ್ಟಗೆ ಎಳೆದಂಥ ಒಂದು ಗೆರೆ. ಅವರು ಹತ್ತಿರ ಹೋಗಿ ಬೆರಳಿಟ್ಟರು.

“ಅಣ್ಣ, ನೋಡಿ. ನೀರು ಇಲ್ಲಿಯವರೆಗೆ ಬಂದು ನಿಂತಿದೆ. ಇದು ನೀರಿನ ಗೆರೆ.”

“ನೀರಿನ ಗೆರೆ ಇಷ್ಟು ನೆಟ್ಟಗಿರಲ್ಲ ಕಣಯ್ಯ. ಇದು ಬಣ್ಣ.”

“ನೀರಿಗಿಂತ ನೆಟ್ಟಗಿರೋದು ಯಾವುದಿದೆ?”

“ಜಗಳ ಆಡ್ಬೇಡಿ” ಎಂದ ಆಪರೇಟರು. “ಅದು ನಾನೇ ಬಳಿದಿದ್ದು. ಬಂದ ವರ್ಷ. ಡಬ್ಬ ಅಲ್ಲಿಗೆ ಖಾಲಿಯಾಯ್ತು, ನಾನೂ ಅಲ್ಲಿಗೇ ನಿಲ್ಲಿಸ್ದೆ.”

ಹೆಜ್ಜೆಯಣ್ಣ ಗೆದ್ದವರಂತೆ ತಲೆದೂಗಿದರು. ಆದರೆ ಅಚ್ಚುಕಟ್ಟು ಸಾರ್ ಬಿಡಲಿಲ್ಲ. ಕೇಳುವ ಚಾಳಿ ಒಮ್ಮೆ ಹತ್ತಿದರೆ ಬಿಡುವಂಥದಲ್ಲವೆಂದು ಅವರಿಗೆ ಆ ಹೊತ್ತಿಗೆ ತಿಳಿಯತೊಡಗಿತ್ತು.

“ಬಳಿಯೋಕೆ ಮುಂಚೆ ಗೋಡೆ ಹೇಗಿತ್ತಪ್ಪ?”

“ಕೆಳಗಡೆ ಕೊಳಕಾಗಿತ್ತು ಸಾರ್. ಅದಕ್ಕೇ ಅಲ್ವಾ ಕೆಳಗಿಂದ ಬಳಿಯೋಕೆ ಶುರು ಮಾಡಿದ್ದು.”

“ಎಂಥ ಕೊಳಕು?”

“ಕೊಳಕು ಅಂದ್ರೆ ಕೊಳಕು. ಅದರಲ್ಲಿ ಜಾತಿ ನೋಡ್ತಾರಾ ಯಾರಾದ್ರೂ?”

ಇಬ್ಬರೂ ಹಿಂದಿರುಗುವ ಬಸ್ಸು ಹತ್ತಿದರು. ತಿಳಿಯಲು ಹೊರಟವರು ಒಂದರ ಬದಲು ನಾಲ್ಕು ತಿಳಿಯದವುಗಳನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದರು. ಜನವಿಲ್ಲವೆಂಬುದು ಖಚಿತ, ಹಾಗಾದರೆ ಹೆಜ್ಜೆಯಣ್ಣ ಬರೆದದ್ದು ಜನದ ಮಾತಿರಬಹುದು. ನೀರೂ ಬಂದಿಲ್ಲ, ನಾಲ್ಕು ವರ್ಷ. ಹಾಗಾದರೆ ನೀರಿನ ಮಾತೂ ಇರಬಹುದು. ಗೋಡೆಯ ಕೊಳಕು ಕೆಸರಿನದಿರಬಹುದು, ಎಣ್ಣೆಯದಿರಬಹುದು.

“ಶುಕ್ರವಾರ ಏನ್ ಹೇಳ್ತೀಯ?” ಎಂದು ಹೆಜ್ಜೆಯಣ್ಣ ಕೇಳಿದರು.

“ಗೊತ್ತಿಲ್ಲ ಅಣ್ಣ.”

ಹೇಳಿದ ಮೇಲೆ ಅವರಿಗೆ ತಮ್ಮ ಮಾತು ತಮಗೇ ಕೇಳಿಸಿತು.

ಗುರುವಾರವಿಡೀ ಅವರು ಆ ಒಂದು ವಾಕ್ಯದ ಮುಂದೆ ಕುಳಿತರು. ‘ಪ್ರವಾಹದ ಸಂಭವವು ಅನಿಶ್ಚಿತವಾಗಿದೆ’ ಎಂದು ಬರೆದರು. ಅದು ಚೆನ್ನಾಗಿ ಕೇಳಿಸಿತು, ಆದ್ದರಿಂದಲೇ ಹೊಡೆದುಹಾಕಿದರು. ‘ಲಭ್ಯ ಮಾಹಿತಿಯ ಆಧಾರದಲ್ಲಿ’ ಎಂದು ತೊಡಗಿದರು, ಮುಂದುವರಿಯಲಿಲ್ಲ. ಸಂಜೆಯ ನೆರಳು ಮೇಜನ್ನು ಹಾದುಹೋದ ಮೇಲೆ, ಕೈ ತೊಳೆದು ಬಂದು, ಇಷ್ಟು ಬರೆದರು: ‘ಈ ಜಾಗಕ್ಕೆ ನೀರು ನುಗ್ಗುತ್ತದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಮೊದಲು ಬರೆದದ್ದು ನನ್ನ ತಪ್ಪು.’

ಸಮಿತಿಯ ಕೋಣೆಯಲ್ಲಿ ಮಾದರಿಯನ್ನು ನಡುಮೇಜಿನ ಮೇಲೆ ಇಟ್ಟಿದ್ದರು. ಕಾಗದದ ಮೂವತ್ತು ಕೋಣೆಗಳು ಗಾಜಿನ ನದಿಯ ಕಡೆಗೆ ಪುಟ್ಟ ಬಾಗಿಲು ತೆರೆದುಕೊಂಡಿದ್ದವು. ಮುಖ್ಯಸ್ಥೆ ತಿದ್ದಿದ ಪುಟವನ್ನು ಎರಡು ಸಲ ಓದಿ, ಕನ್ನಡಕ ತೆಗೆದರು. ಮಾರಾಟದ ಮುಖ್ಯಸ್ಥ ಅವರ ಭುಜದ ಮೇಲಿಂದ ಇಣುಕಿ ಓದಿದ.

“ಏನ್ರೀ ಇದು? ವರದಿಯಲ್ಲಿ ಯಾರಾದ್ರೂ ‘ಗೊತ್ತಿಲ್ಲ’ ಅಂತ ಬರೀತಾರೇನ್ರೀ?”

“ಗೊತ್ತಿಲ್ಲದಿದ್ದಾಗ ಬರೀಬೇಕು ಅನ್ನಿಸಿತು ಸಾರ್.”

“ಹೋದ ತಿಂಗಳು ಗೊತ್ತಿತ್ತು. ಲವಲೇಶವೂ ಇಲ್ಲ ಅಂತ ನೀವೇ ಬರೆದಿದ್ರಿ. ಆ ಪದಕ್ಕೆ ಅರ್ಥ ಕೇಳೋಕೆ ನಾನು ಮನೇಲಿ ಹೆಂಡತಿ ಹತ್ರ ಹೋಗಿದ್ದೆ!”

“ಆ ಪದವನ್ನ ಕಿವಿಗೆ ಇಂಪಾಗಿರಲಿ ಅಂತ ಹಾಕಿದೆ ಸಾರ್.”

ಮುಖ್ಯಸ್ಥೆ ಮೆಲ್ಲಗೆ ಕೇಳಿದರು: “ಇಂಪಿಗೆ?”

“ಹೌದು ಮೇಡಂ. ಮೂಲದಲ್ಲಿ ಇದ್ದದ್ದು ಎರಡೇ ಪದ. ‘ನೆರೆ ಇಲ್ಲ’ ಅಂತ. ಅದು ನೀರೋ ಅಕ್ಕಪಕ್ಕದವರೋ ನಾನು ಕೇಳಲಿಲ್ಲ. ಬರೆದವರಿಗೂ ಈಗ ನೆನಪಿಲ್ಲ. ಜಾಗಕ್ಕೆ ಹೋಗಿ ಬಂದೆ. ಅಲ್ಲಿರೋ ಒಬ್ಬನಿಗೆ ನಾಲ್ಕು ವರ್ಷದ ವಿಷಯ ಗೊತ್ತು, ಅದಕ್ಕಿಂತ ಹಿಂದಿನದು ಗೊತ್ತಿಲ್ಲ. ಆ ಬಾಗಿಲುಗಳ ಹಿಂದೆ ಮಕ್ಕಳು ಮಲಗುತ್ತಾರೆ. ಅದಕ್ಕೇ ಹೇಳಿದೆ.”

“ಹಾಗಾದ್ರೆ ಬೇರೆ ಮೂರು ಜಾಗದ ವಿಷಯ?” ಎಂದು ಸಮಿತಿಯ ಇನ್ನೊಬ್ಬರು ತಡವರಿಸಿದರು. “ಅಲ್ಲಿ ಬರೆದಿರೋದೆಲ್ಲ ನಿಜವಾ, ಇಂಪಾ?”

ಈ ಪ್ರಶ್ನೆಗೆ ಸಿದ್ಧವಾಗಿ ಬಂದಿರದ ಅಚ್ಚುಕಟ್ಟು ಸಾರ್ ನಿಜವನ್ನೇ ಹೇಳಿದರು. “ಸ್ವಲ್ಪ ಸ್ವಲ್ಪ ಎರಡೂ ಇದೆ ಸಾರ್.”

ಅಲ್ಲಿಂದ ಮುಂದೆ ಸಭೆ ಸಭೆಯಾಗಿ ಉಳಿಯಲಿಲ್ಲ. ಒಬ್ಬರು ಸಮುದ್ರವೇ ವಾಸಿ ಎಂದರು. ಮೊಣಕಾಲ ತನಕ ನೀರು ಬರುವುದು ಖಚಿತವಾಗಿ ಗೊತ್ತಿರುವ ಜಾಗ, ಗೊತ್ತಿಲ್ಲದ ಜಾಗಕ್ಕಿಂತ ಮೇಲಲ್ಲವೇ ಎಂದು ಅವರ ವಾದ. ಮತ್ತೊಬ್ಬರು, ಜಗಳಗಂಟರಾದರೂ ಪಾರ್ಕಿನ ಹಿಂಬಾಗಿಲೇ ಇರಲಿ ಎಂದರು. ಮಾರಾಟದ ಮುಖ್ಯಸ್ಥ ಸದಸ್ಯರಿಗೆ ತಾನೀಗ ಯಾವ ಮುಖ ತೋರಿಸಲಿ ಎಂದು ಎಲ್ಲರ ಮುಖವನ್ನೂ ನೋಡಿದ. ಕಡೆಗೆ ಮುಖ್ಯಸ್ಥೆ ಕೈ ಎತ್ತಿದರು.

“ಮಳೆಗಾಲ ಶುರುವಾಗೋಕೆ ಹದಿನೈದು ದಿನ ಇದೆ. ಗೊತ್ತಿಲ್ಲ ಅಂದವರೇ ಹೋಗಿ ತಿಳ್ಕೊಂಡು ಬರ್ಲಿ. ಮೂರು ತಿಂಗಳು ಅಲ್ಲೇ ಇದ್ದು, ದಿನಾ ಫೋನಲ್ಲಿ ಹೇಳಿ. ಅಲ್ಲೀವರೆಗೆ ಈ ಜಾಗಕ್ಕೆ ಒಪ್ಪಿಗೆ ಇಲ್ಲ.”

ಇದು ಶಿಕ್ಷೆಯೋ ನಂಬಿಕೆಯೋ ಎಂದು ತಿಳಿಯದೆ ಅಚ್ಚುಕಟ್ಟು ಸಾರ್ ನಮಸ್ಕರಿಸಿ ಹೊರಬಂದರು. ಹೆಂಡತಿಗೂ ಅದು ತಿಳಿಯಲಿಲ್ಲ. “ಮನೆ ಮುಂದಿನ ಚರಂಡಿ ದಾಟೋಕೆ ನಾಲ್ಕು ಸಲ ಯೋಚ್ನೆ ಮಾಡೋರು ನದಿ ಕಾಯೋಕೆ ಹೊರಟ್ರಾ?” ಎಂದವಳು, ಆ ವಾರವೆಲ್ಲ ಕುಳಿತು ದಪ್ಪ ಬಟ್ಟೆಯ ಎರಡು ಪ್ಯಾಂಟುಗಳನ್ನು ಹೊಲಿದಳು. ಮೊಣಕಾಲಿನವರೆಗೆ ಮಡಚಿ ಗುಂಡಿ ಹಾಕಿಕೊಳ್ಳುವಂತೆ.

ಪಂಪ್‌ಹೌಸಿನ ಹಿಂದಿನ ಖಾಲಿ ಮನೆಯೊಂದಕ್ಕೆ ಬಾಗಿಲು ಕೂರಿಸಿ, ಮಂಚವೊಂದನ್ನು ತಂದು, ಅಲ್ಲಿ ವಾಸ ಹೂಡಿದ್ದಾಯಿತು. ಆಪರೇಟರಿಗೆ ಹಿಗ್ಗೋ ಹಿಗ್ಗು. “ನಂಗೂ ಒಂದು ನೆರೆ ಬಂತು, ಸದ್ಯ” ಎಂದು ಅವನು ಹೇಳಿದ ದಿನ ಅಚ್ಚುಕಟ್ಟು ಸಾರ್ ಮನಸಾರೆ ನಕ್ಕರು. ಇಬ್ಬರೂ ನದಿಯ ದಂಡೆಯಲ್ಲಿ ಗೂಟ ನೆಟ್ಟರು, ಗೂಟಕ್ಕೆ ಗುರುತು ಹಾಕಿದರು. ಪ್ರತಿ ಬೆಳಿಗ್ಗೆ ಕಚೇರಿಗೆ ಫೋನು ಹೋಗುತ್ತಿತ್ತು. ಅತ್ತ ಕಡೆಯಿಂದ ಬರೆದುಕೊಳ್ಳುತ್ತಿದ್ದವಳು ಮಾದರಿ ಕಟ್ಟುವ ಹೆಂಗಸು. ‘ನದಿ ದಂಡೆಯ ಒಳಗಿದೆ.’ ‘ಇಂದೂ ಒಳಗಿದೆ.’ ‘ಗೂಟದ ಎರಡನೆಯ ಗುರುತು ಮುಟ್ಟಿ ಇಳಿದಿದೆ.’ ಬರೆಯುವುದಕ್ಕೆ ಇಷ್ಟು ಕಡಿಮೆ ಇದ್ದಾಗ ಮನಸ್ಸು ಇಷ್ಟು ಹಗುರವಾಗುತ್ತದೆಂದು ಅವರಿಗೆ ಮುಂಚೆ ಗೊತ್ತಿರಲಿಲ್ಲ. ಮೊದಲ ತಿಂಗಳು ಕಳೆಯಿತು, ಎರಡನೆಯದೂ ಅರ್ಧವಾಯಿತು. ತಾವು ಒಂದು ಒಳ್ಳೆಯ ಜಾಗದ ಬಾಯಿಗೆ ವೃಥಾ ಮಣ್ಣು ಹಾಕಿದೆವೇನೋ ಎಂಬ ಸಂದೇಹವೂ ದಿನದಿನಕ್ಕೆ ಬಲಿಯುತ್ತಿತ್ತು.

ಒಂದು ಮಧ್ಯಾಹ್ನ, ಮಳೆ ನಿಂತು ಬಿಸಿಲು ಬಿದ್ದ ಮೇಲೆ, ಇಬ್ಬರೂ ಗೂಟದ ಬಳಿ ನಿಂತಿದ್ದರು. ನದಿ ತನ್ನ ದಂಡೆಯೊಳಗೆ ಕೆಂಪಾಗಿ, ಆದರೆ ಮರ್ಯಾದೆಯಿಂದ ಹರಿಯುತ್ತಿತ್ತು. ಆಗ ಹಿಂದಿನಿಂದ ಪಾತ್ರೆಯೊಂದು ತೇಲಿಬಂದು ಅಚ್ಚುಕಟ್ಟು ಸಾರ್ ಹಿಮ್ಮಡಿಗೆ ಮೆಲ್ಲಗೆ ತಗುಲಿತು. ಅದು ಅವರದೇ ಪಾತ್ರೆ.

ತಿರುಗಿ ನೋಡಿದರು. ಮನೆಗಳ ಹಿಂದಿನ ತಗ್ಗಿನಿಂದ, ಎಲ್ಲಿಂದ ಹೊರಟಿತೆಂದೇ ತಿಳಿಯದ ನೀರು, ಸದ್ದಿಲ್ಲದೆ, ಹುಲ್ಲಿನ ಮೇಲೆ ಹಾಸುತ್ತ ಬರುತ್ತಿತ್ತು. ಒಂದೂವರೆ ತಿಂಗಳು ಅವರು ಮುಂಬಾಗಿಲನ್ನು ಕಾದಿದ್ದರು. ಅತಿಥಿ ಹಿತ್ತಲಿನಿಂದ ಬಂದಿದ್ದ.

“ಸಾರ್, ಮೇಲೆ ಹತ್ತಿ!” ಎಂದು ಆಪರೇಟರು ಅವರ ರಟ್ಟೆ ಹಿಡಿದು ಪಂಪಿನ ಕಟ್ಟೆಯ ಕಡೆಗೆ ಎಳೆದ. ಕಟ್ಟೆ ತಲುಪುವಷ್ಟರಲ್ಲಿ ನೀರು ಮಂಡಿಯ ಮೇಲಕ್ಕೆ ಬಂದಿತ್ತು. ಗೋಡೆಗೆ ತಾಗಿ ಅಲ್ಲಿಯೇ ನಿಂತಿತು, ಮುಂದೆ ಹೋಗಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಅಚ್ಚುಕಟ್ಟು ಸಾರ್ ಫೋನು ಒತ್ತಿದರು.

“ಅಮ್ಮಾ, ಬರ್ಕೊ. ನೀರು ಬಂದಿದೆ.”

“ಅಯ್ಯೋ, ನೀವು ಹುಷಾರಾಗಿದ್ದೀರಾ ಸಾರ್? ಪ್ರವಾಹ ಅಂತ ಬರ್ಕೊಳ್ಲಾ?”

“ಬೇಡ. ನೀರು ಬಂದಿದೆ ಅಂತಲೇ ಬರ್ಕೊ.”

“ನದಿ ನೀರಾ?”

“ನದಿಯದಲ್ಲ. ನದಿ ದಂಡೆಯೊಳಗೇ ಇದೆ. ಇದು ಹಿಂದಿನಿಂದ ಬಂತು. ಎಲ್ಲಿಯ ನೀರೋ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನೂ ಬರ್ಕೊ.”

“ಎಷ್ಟು ಎತ್ತರ ಸಾರ್?”

ಅಚ್ಚುಕಟ್ಟು ಸಾರ್ ಕಟ್ಟೆಯಿಂದ ಬಗ್ಗಿ, ಒದ್ದೆಯಾದ ಪ್ಯಾಂಟಿನ ಗೆರೆಯ ಮೇಲೆ ಬೆರಳಿಟ್ಟುಕೊಂಡರು. ಬಳಿಕ ಆ ಬೆರಳನ್ನು ಗಾಳಿಯಲ್ಲಿಯೇ ಇರಿಸಿ, ಹಾಸಿಗೆಯಿಂದ ಇಳಿದು ಹುಲ್ಲಿಗೆ ಓಡುವ ಒಂದು ಮಗುವನ್ನು ಮನಸ್ಸಿನಲ್ಲಿಯೇ ಅದರ ಪಕ್ಕದಲ್ಲಿ ನಿಲ್ಲಿಸಿ ನೋಡಿದರು.

“ನನಗೆ ಮಂಡಿಯ ಮೇಲೆ ನಾಲ್ಕು ಬೆರಳು” ಎಂದರು. “ಎರಡು ವರ್ಷದ ಮಗುವಿಗೆ ಎದೆ. ಎರಡನ್ನೂ ಬರ್ಕೊಮ್ಮ. ಬರೆದ ಮೇಲೆ ನನಗೆ ಒಂದು ಸಲ ಓದಿ ಹೇಳು.”